ಆರೋಗ್ಯಕ್ಕೆಂದು ಒಂದು ಸ್ಟೌಟ್

ಮುಂಬೈಯ ಬಾರಿನಲ್ಲಿ ಕೂತು ಬಿಯರ್ ಕುಡಿಯುತ್ತಿರುವವನು ಮೋಜಿಗೆ ಬಂದವನು ಎಂದು ನೀವು ತಿಳಿದಿದ್ದರೆ ಮಹಾರಾಷ್ಟ್ರ ಸರ್ಕಾರ ಒಪ್ಪುವುದಿಲ್ಲ. ದಾಖಲೆಯ ಪ್ರಕಾರ ಆತ ಆರೋಗ್ಯ ನೋಡಿಕೊಳ್ಳಲು ಬಂದಿದ್ದಾನೆ. ಇಲ್ಲಿ ಕುಡಿಯಲು ಪರ್ಮಿಟ್ ಬೇಕು, ಆ ಪರ್ಮಿಟ್ ಕೊಡುವುದು ಆರೋಗ್ಯದ ರಕ್ಷಣೆ ಮತ್ತು ಪಾಲನೆಗಾಗಿ. ಒಂದು ದಿನದ ಆರೋಗ್ಯಕ್ಕೆ 5 ರೂಪಾಯಿ, ವರ್ಷಕ್ಕೆ 100, ಜೀವಮಾನಕ್ಕೆ 1000. ದೇಶಿ ದಾರು ಕುಡಿಯುವವರಿಗೆ ದಿನಕ್ಕೆ 2 ರೂಪಾಯಿ ಸಾಕು. ಬಡವರ ಆರೋಗ್ಯ ಯಾವಾಗಲೂ ಸ್ವಲ್ಪ ಅಗ್ಗ. ಲೆಕ್ಕ ಹಾಕಿ ನೋಡಿ, ಆಜೀವ ಪರ್ಮಿಟ್ ಮಾಡಿಸಿದವನಿಗೆ ಇನ್ನೂರು ಸಂಜೆಗಳಲ್ಲಿ ಅಸಲು ಕೈಗೆ ಬರುತ್ತದೆ. ಶ್ರದ್ಧೆಯಿದ್ದರೆ ವರ್ಷವೂ ಬೇಡ.

ಹುಬ್ಬಳ್ಳಿಯಿಂದ ಕೆಲಸಕ್ಕೆಂದು ಬಂದ ನನ್ನ ಸೋದರಳಿಯನಿಗೆ ಇದನ್ನು ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು. “ಗಾಡಿ ಹೊಡ್ಯಾಕ ಲೈಸೆನ್ಸ್ ಬೇಕು, ಖರೆ. ಕುಡ್ಯಾಕೂ ಬೇಕೇನ್ರಿ ಮಾಮಾ?” ಎಂದ. ಅವನಿಗೀಗ ಇಪ್ಪತ್ತಮೂರು. ಮೈಲ್ಡ್ ಬಿಯರು, ವೈನಿಗೆ 21 ತುಂಬಿದ್ದರೆ ಆಯಿತು. ವಿಸ್ಕಿ, ರಮ್ಮಿಗೆ 25 ಆಗಬೇಕು. ಅಂದರೆ ಹುಡುಗನ ಮೈಗೆ ಸದ್ಯಕ್ಕೆ ಬಿಯರ್ ಹಿತ, ವಿಸ್ಕಿಯಿಂದ ಆರೋಗ್ಯ ಸುಧಾರಿಸಬೇಕಾದರೆ ಇನ್ನೆರಡು ವರ್ಷ ತಡೆದುಕೊಳ್ಳಬೇಕು. ವಿಧಾನಸಭೆಗೆ ನಿಲ್ಲುವುದಕ್ಕೂ 25 ತುಂಬಿರಬೇಕು. ಎರಡಕ್ಕೂ ಒಂದೇ ವಯಸ್ಸು ಕೂಡಿಬಂದದ್ದು ಕಾಕತಾಳೀಯ ಎಂದೇ ಭಾವಿಸೋಣ.

ಇದೆಲ್ಲದರ ಬೇರು 1949ರ ಮುಂಬೈ ಪಾನನಿರೋಧ ಕಾಯ್ದೆಯಲ್ಲಿದೆ. ಮೊರಾರ್ಜಿ ದೇಸಾಯಿಯವರು ಗೃಹಮಂತ್ರಿಯಾಗಿದ್ದ ಕಾಲ. ಅಂದಿನ ಮುಂಬೈ ರಾಜ್ಯದಲ್ಲಿ ಗಂಟಲುಗಳೆಲ್ಲ ಒಣಗಿದವು. ಎಫ್.ಎನ್. ಬಾಲ್ಸಾರಾ ಎಂಬವರು ವಿಸ್ಕಿ, ಬ್ರಾಂದಿ, ಬಿಯರಿನ ಜೊತೆ ಔ ಡಿ ಕೊಲೋನನ್ನೂ ಪಟ್ಟಿಗೆ ಸೇರಿಸಿ ಕೋರ್ಟು ಹತ್ತಿದರು. 1951ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು, ಮದ್ಯಸಾರ ಬೆರೆತ ಔಷಧಿ ಮತ್ತು ಸುಗಂಧದ ಸೀಸೆಗಳನ್ನು ಮಾತ್ರ ಬಿಟ್ಟುಕೊಟ್ಟಿತು. ಹೀಗಾಗಿ ಮುಂಬೈಯವರಿಗೆ ಘಮಘಮಿಸುವ ಹಕ್ಕು ಸಿಕ್ಕಿತು, ಗುಟುಕರಿಸಲು ಮಾತ್ರ ಕಾಯಿಲೆ ಬೇಕಾಯಿತು. ಮುಂದೆ ಒಂದೊಂದೇ ಬಿಗಿ ಸಡಿಲಿಸಿ ಬಾಗಿಲನ್ನು ಬಹುಪಾಲು ತೆರೆದರು. ಕಾಯ್ದೆಯ ಹೆಸರಿನಲ್ಲಿದ್ದ ಮುಂಬೈಯನ್ನು ಅಳಿಸಿ ಮಹಾರಾಷ್ಟ್ರ ಎಂದೂ ಬರೆದರು. ಪಾನನಿರೋಧವನ್ನು ಅಳಿಸುವುದು ಯಾರಿಗೂ ನೆನಪಾಗಲಿಲ್ಲ.

ಈ ಮರೆವಿನಿಂದ ಬದುಕು ಕಟ್ಟಿಕೊಂಡವರಲ್ಲಿ ನಮ್ಮವರು ಬಹಳ. ತುಳುನಾಡಿನಿಂದ ಮೀಸೆ ಮೂಡುವ ಮೊದಲೇ ಬಂದು, ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು, ಕತ್ತಲಾದ ಮೇಲೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಅಕ್ಷರ ಕಲಿತ ಹುಡುಗರು ಮುಂದೆ ಪರ್ಮಿಟ್ ರೂಮುಗಳ ಗಲ್ಲಾದ ಮೇಲೆ ಕೂತರು. ಮುಂಬೈಯ ಗಲ್ಲಿಗಲ್ಲಿಯಲ್ಲೂ ಕಾಣುವ ಆ ‘ಪರ್ಮಿಟ್ ರೂಮ್’ ಬೋರ್ಡಿನ ಹಿಂದೆ ಬಹಳ ಕಡೆ ಒಬ್ಬ ಶೆಟ್ಟರಿರುತ್ತಾರೆ, ಅವರ ಹಿಂದೆ ಊದುಬತ್ತಿ ಸಿಕ್ಕಿಸಿದ ದೇವರ ಪಟವಿರುತ್ತದೆ. ನಮ್ಮ ಬಿಲ್ಡಿಂಗಿನ ಶೆಟ್ಟರೂ ಹಾಗೆ ಕೂತೆದ್ದವರು, ಈಗ ಗಲ್ಲಾ ಮಗನಿಗೆ ಬಿಟ್ಟಿದ್ದಾರೆ. ಗಿರಾಕಿಯ ಪರ್ಮಿಟ್ ಎಂದಾದರೂ ಕೇಳಿದ್ದುಂಟೇ ಎಂದರೆ, “ಹಸಿದು ಬಂದವನತ್ರ ರೇಷನ್ ಕಾರ್ಡ್ ಕೇಳ್ಲಿಕ್ಕೆ ಆಗ್ತದಾ ಮಾರಾಯ್ರೆ?” ಎನ್ನುತ್ತಾರೆ.

ಇಂಥ ಶೆಟ್ಟರನ್ನೂ ಅಳಿಯನನ್ನೂ ಕರೆದುಕೊಂಡು ಲೋವರ್ ಪರೇಲಿನ ಒಂದು ಸಣ್ಣ ಬ್ರೂವರಿಗೆ ಸ್ಟೌಟ್ ಎಂಬ ಕಪ್ಪು ಬಿಯರಿನ ರುಚಿ ನೋಡಲು ಹೋದೆ. 1982ರ ಮುಷ್ಕರದ ನಂತರ ಒಂದೊಂದಾಗಿ ಸದ್ದಡಗಿದ ಬಟ್ಟೆ ಗಿರಣಿಗಳ ಸೀಮೆ ಅದು. ಈಗ ಅಲ್ಲಿ ತಾಮ್ರದ ಬಣ್ಣದ ದೊಡ್ಡ ಟ್ಯಾಂಕುಗಳು, ಕಾಲು ನೆಲಕ್ಕೆ ತಾಗದ ಎತ್ತರದ ಸ್ಟೂಲುಗಳು. ಏಪ್ರನ್ ಕಟ್ಟಿದ ಹುಡುಗ ಮರದ ಹಲಗೆಯ ಮೇಲೆ ಪುಟ್ಟ ಗ್ಲಾಸುಗಳನ್ನಿಟ್ಟು ಪ್ರವಚನ ಶುರುಮಾಡಿದ. ಕಪ್ಪಗಾಗುವ ತನಕ ಹುರಿದ ಬಾರ್ಲಿಯಿಂದ ಈ ಬಣ್ಣ. ನೈಟ್ರೋಜನ್ ಸೇರಿಸಿದ್ದರಿಂದ ಗುಳ್ಳೆ ಸಣ್ಣ, ನೊರೆ ಕೆನೆಯಂತೆ ಮಂದ. ಗಾಜಿನ ಅಂಚಿನಲ್ಲಿ ನೋಡಿ, ಗುಳ್ಳೆಗಳು ಮೇಲೇರುವ ಬದಲು ಕೆಳಗಿಳಿಯುತ್ತವೆ. ನೋಡಿದೆವು, ಹೌದು, ಇಳಿಯುತ್ತಿದ್ದವು. ತೀರಾ ತಣ್ಣಗೆ ಕುಡಿದರೆ ರುಚಿ ಮುಚ್ಚಿಹೋಗುತ್ತದೆ, ಸ್ವಲ್ಪ ಬಿಸಿಯೇರಲಿ ಎಂದ. ಮುಂಬೈಯ ಮೇ ತಿಂಗಳಲ್ಲಿ ಬಿಯರಿಗೆ ಬಿಸಿಯೇರಲಿ ಎನ್ನುವ ಧೈರ್ಯಕ್ಕೆ ಶೆಟ್ಟರು ಹುಬ್ಬು ಹಾರಿಸಿದರು.

ಮೊದಲು ಮೂಸಬೇಕಂತೆ. ಕಾಫಿ ಬಂತೇ? ಡಾರ್ಕ್ ಚಾಕೊಲೇಟ್? ಸುಟ್ಟ ಸಕ್ಕರೆ? ಹಿಂದಿನಿಂದ ಮೆಲ್ಲಗೆ ತಂಬಾಕು, ಹಳೆಯ ಚರ್ಮ? ಅಳಿಯ ಎಲ್ಲದಕ್ಕೂ ಹೂಂ ಅಂದ. ಶೆಟ್ಟರು ನೊರೆಯಲ್ಲಿ ಮೂಗು ಅದ್ದಿ ತೆಗೆದು, “ಕಾಫಿ ವಾಸನೆಗೆ ಇಷ್ಟು ದುಡ್ಡಾ? ನಮ್ಮಲ್ಲಿ ಕಾಫಿಯನ್ನೇ ಕೊಡ್ತಿದ್ದೆವಲ್ಲ ಮಾರಾಯ್ರೆ” ಎಂದರು. ನನಗೆ ಕಂಡಂತೆ ಅದು ಅಜ್ಜಿ ಮಾಡುತ್ತಿದ್ದ ಕಷಾಯದ ಹಾಗೆ ಕಪ್ಪಗೆ, ಕಹಿಯಾಗಿ, ನಾಲಿಗೆಗಂಟಿಕೊಂಡು ಹೋಗದಂತಿತ್ತು. ಆದರೂ ಎರಡನೆಯ ಗುಟುಕು ಬೇಕೆನಿಸುತ್ತಿತ್ತು, ಅಜ್ಜಿಯ ಕಷಾಯಕ್ಕೆ ಆ ಗುಣ ಇರಲಿಲ್ಲ.

ತಮಾಷೆಯಿರುವುದು ಇಲ್ಲೇ. ಹುಡುಗನ ಬಾಯಲ್ಲಿ ರುಚಿಗೆ ನಲವತ್ತು ವರ್ಣನೆ ಇವೆ, ಸರ್ಕಾರದ ಪುಸ್ತಕದಲ್ಲಿ ಒಂದೂ ಇಲ್ಲ. ಅಮಲಿಗೆಂದು ಕುಡಿಯುವವನಿಗೆ ಕ್ವಾರ್ಟರು ಸಾಕು. ಸ್ಟೌಟಿನ ಮುಂದೆ ಇಷ್ಟು ಹೊತ್ತು ಮೂಗು ಹಿಡಿದು ಕೂರುವುದು ರುಚಿಗಲ್ಲದೆ ಇನ್ನಾವುದಕ್ಕೂ ಅಲ್ಲ. ಆ ಒಂದು ಕಾರಣಕ್ಕೆ ಮಾತ್ರ ಈ ರಾಜ್ಯದಲ್ಲಿ ಪರ್ಮಿಟ್ ಇಲ್ಲ. ಲಿವರಿಗೆಂದು ಕುಡಿಯಿರಿ, ನರಗಳಿಗೆಂದು ಕುಡಿಯಿರಿ. ಚೆನ್ನಾಗಿದೆ ಎಂದು ಕುಡಿದರೆ ಅರ್ಜಿ ಸುಳ್ಳಾಗುತ್ತದೆ.

ಆರೋಗ್ಯದ ಮಾತು ಸ್ಟೌಟಿಗೆ ಹೊಸತೇನಲ್ಲ. 1929ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಕಂಪನಿ ಇದು ನಿಮಗೆ ಒಳ್ಳೆಯದು ಎಂದೇ ಜಾಹೀರಾತು ಶುರುಮಾಡಿತು. ಐರ್ಲೆಂಡಿನಲ್ಲಿ ರಕ್ತದಾನ ಮಾಡಿದವರ ಕೈಗೆ ಒಂದು ಕಾಲದಲ್ಲಿ ಸ್ಟೌಟ್ ಕೊಡುತ್ತಿದ್ದರು. ಆದರೆ ಅಲ್ಲಿ ಹೇಳಿದವರು ವ್ಯಾಪಾರಸ್ಥರು, ಇಲ್ಲಿ ಕಾನೂನೇ ಹೇಳುತ್ತಿದೆ. ಅದೂ ಮದ್ಯ ಕೆಟ್ಟದ್ದೆಂದು ಸಾರಲು ಹುಟ್ಟಿದ ಕಾನೂನು.

ಇನ್ನು ಈ ಆರೋಗ್ಯದ ಭೂಗೋಳ. ಸೇವಾಗ್ರಾಮವಿರುವ ವಾರ್ಧಾ ಜಿಲ್ಲೆಯಲ್ಲಿ ಮದ್ಯ ನಿಷೇಧ, ಅಲ್ಲಿಯವರು ಗಾಂಧೀಜಿಯ ಪುಣ್ಯದಿಂದ ಗಟ್ಟಿಮುಟ್ಟು. ಗಡಚಿರೋಲಿಯವರೂ ಅಷ್ಟೇ. ಚಂದ್ರಪುರದವರು 2015ರಲ್ಲಿ ದಿಢೀರನೆ ಗುಣವಾದರು, ಜಿಲ್ಲೆಗೆ ನಿಷೇಧ ಬಂತು; 2021ರಲ್ಲಿ ಮತ್ತೆ ಹಾಸಿಗೆ ಹಿಡಿದರು, ನಿಷೇಧ ಹೋಯಿತು. ದಕ್ಷಿಣಕ್ಕೆ ಹೊರಟು ಪತ್ರಾದೇವಿ ಚೆಕ್‌ಪೋಸ್ಟ್ ದಾಟಿದರೆ ಗೋವಾ. ಅಲ್ಲಿ 18 ತುಂಬಿದವನು ಯಾವ ಕಾಯಿಲೆಯೂ ಇಲ್ಲದೆ, ಯಾವ ಚೀಟಿಯೂ ಇಲ್ಲದೆ, ಬರೀ ಖುಷಿಗೆ ಕುಡಿಯುತ್ತಾನೆ. ಇಂಥ ಅನಾಗರಿಕರ ನಡುವೆ ನಮ್ಮವರು ಪ್ರತಿ ಡಿಸೆಂಬರಿನಲ್ಲೂ ಹೇಗೆ ದಿನ ಕಳೆಯುತ್ತಾರೋ.

ಔಷಧವೆಂದ ಮೇಲೆ ಬೆಲೆಯಾದರೂ ಹಿಡಿತದಲ್ಲಿರಬೇಕಲ್ಲವೇ? ಬಾರಿನಲ್ಲಿ ಕೂತು ಕುಡಿಯುವ ಮದ್ಯದ ಮೇಲಿನ ವ್ಯಾಟ್ 5ರಿಂದ 10 ಪ್ರತಿಶತಕ್ಕೇರಿತು, ಲೈಸೆನ್ಸ್ ಫೀಸು ಏರಿತು, ಅಬಕಾರಿ ಸುಂಕವೂ ಏರಿತು. ಸಿಟ್ಟಿಗೆದ್ದ ಮಾಲೀಕರು 2025ರ ಜುಲೈ 14ರಂದು ಬಾರುಗಳ ಬಾಗಿಲು ಹಾಕಿದರು. ಇಷ್ಟೊಂದು ಆರೋಗ್ಯಕೇಂದ್ರಗಳು ಒಂದೇ ದಿನ ಮುಚ್ಚಿದರೂ ಆರೋಗ್ಯ ಇಲಾಖೆ ಕಮಕ್ ಕಿಮಕ್ ಎನ್ನಲಿಲ್ಲ. ತಲೆ ಕೆಡಿಸಿಕೊಂಡದ್ದು ಖಜಾನೆಯವರು. ಯಾವ ಇಲಾಖೆಗೆ ಯಾರ ಆರೋಗ್ಯ ಸೇರಿದ್ದೆಂಬುದು ಆವತ್ತು ಗೊತ್ತಾಯಿತು.

ಬಿಲ್ ಬರುವ ಹೊತ್ತಿಗೆ ಅಳಿಯನಿಗೆ ಸುಧಾರಣೆಯ ಹುರುಪು ಹತ್ತಿತ್ತು. ಪರ್ಮಿಟ್ ಫಾರ್ಮಿನಲ್ಲಿ ಆರೋಗ್ಯದ ಪಕ್ಕ ‘ರುಚಿಗಾಗಿ’ ಎಂದು ಇನ್ನೊಂದು ಕಾಲಂ ಸೇರಿಸಬೇಕು, ಮಂದಿ ಖರೆ ಹೇಳಿ ಕುಡಿಯಲಿ, ತಾನು ಮುಖ್ಯಮಂತ್ರಿಗೆ ಪತ್ರ ಬರೆಯುತ್ತೇನೆ ಎಂದ. ಶೆಟ್ಟರು ಖಾಲಿ ಗ್ಲಾಸಿನ ತಳದ ನೊರೆಯನ್ನು ಬೆರಳಿನಿಂದ ಒರೆಸಿ ನೆಕ್ಕಿದರು.

“ಬರೀಬೇಡ ಮಗಾ. ಈಗ ಐದು ರೂಪಾಯಿಯಲ್ಲಿ ಮುಗೀತದೆ. ರುಚಿ ಅಂತ ಗೊತ್ತಾದ್ರೆ ಲಕ್ಸುರಿ ಟ್ಯಾಕ್ಸ್ ಹಾಕ್ತಾರೆ.”