ಬಿಸಿ ಎಲ್ಲಿ ಹೋಯ್ತು ಸ್ವಾಮಿ?

ನಿನ್ನೆ ಸಂಜೆಯಿಂದ ಒಂದೇ ವಿಡಿಯೋ ನಾಲ್ಕು ಗ್ರೂಪಿನಿಂದ ಬಂದಿದೆ. ಶಿರಾ ರಸ್ತೆ ಕಡೆ ಯಾರೋ ತೆಗೆದದ್ದು. ತೆಂಗಿನ ಗರಿಗಳ ಮೇಲೆ ಒಂದು ಬಿಳಿ ಗೆರೆ, ಅದರ ಬಾಲ ನಿಧಾನಕ್ಕೆ ಗಂಟು ಗಂಟಾಗಿ, ಕೊನೆಗೆ ದಾರಕ್ಕೆ ಉದ್ದಿನವಡೆ ಪೋಣಿಸಿದ ಹಾಗೆ ಉಂಗುರ. ಕೆಳಗೆ ಬರಹ: "ತುಮಕೂರಿನ ಮೇಲೆ ಅಮೆರಿಕದ ರಹಸ್ಯ ಹೈಪರ್‌ಸಾನಿಕ್ ಗೂಢಚಾರಿ ವಿಮಾನ!! ಸದ್ದೇ ಇಲ್ಲ!!! ಎಲ್ಲರಿಗೂ ಕಳಿಸಿ."

ಕಳಿಸಿದ್ರಿ, ಸರಿ. ಕಳಿಸಿದವರಲ್ಲಿ ಇಬ್ಬರು ಇಂಜಿನಿಯರು, ಒಬ್ಬರು ಫಿಸಿಕ್ಸ್ ಮೇಷ್ಟ್ರು. ಅಷ್ಟು ಜನರಲ್ಲಿ ಒಬ್ಬರಿಗಾದ್ರೂ ಒಂದು ಪ್ರಶ್ನೆ ಹೊಳೀಲಿಲ್ವಲ್ಲ ಅನ್ನೋದೇ ನನ್ನ ಸಂಕಟ. ಆ ವಿಮಾನದ ಬಿಸಿ ಎಲ್ಲಿ ಹೋಯ್ತು?

ಹೈಪರ್‌ಸಾನಿಕ್ ಅಂದ್ರೆ ಮ್ಯಾಕ್ 5, ಶಬ್ದದ ಐದು ಪಟ್ಟು ವೇಗ, ಅಥವಾ ಅದಕ್ಕೂ ಮೇಲೆ. ಮ್ಯಾಕ್ 6 ಅಂತಲೇ ಇಟ್ಕೊಳ್ಳಿ. 25 ಕಿ.ಮೀ ಎತ್ತರದಲ್ಲಿ ಗಾಳಿ ಸೊನ್ನೆಗಿಂತ 50 ಡಿಗ್ರಿ ಕೆಳಗಿರುತ್ತೆ, ಅಂದ್ರೆ ಸುಮಾರು 222 ಕೆಲ್ವಿನ್. ಎದುರಿಗೆ ನುಗ್ಗಿದಾಗ ಅದೇ ಗಾಳಿ ಮೂತಿಯಲ್ಲಿ ನಿಂತು ಬಿಸಿಯಾಗುತ್ತೆ. ಲೆಕ್ಕ ಪಿಯುಸಿ ಹುಡುಗರೂ ಮಾಡಬಹುದು: ಮ್ಯಾಕ್ ಸಂಖ್ಯೆಯ ವರ್ಗವನ್ನ 0.2ರಿಂದ ಗುಣಿಸಿ, 1 ಕೂಡಿಸಿ, ಆ 222ಕ್ಕೆ ಗುಣಿಸಿ. 1,800 ಕೆಲ್ವಿನ್ ದಾಟುತ್ತೆ. ಹೆಚ್ಚುಕಡಿಮೆ 1,500 ಡಿಗ್ರಿ ಸೆಲ್ಸಿಯಸ್. ಕಬ್ಬಿಣ ನೀರಾಗೋದೂ ಹತ್ರಹತ್ರ ಅಷ್ಟಕ್ಕೇ. ಇಡೀ ಮೈ ಅಷ್ಟು ಕಾಯಲ್ಲ, ಬಿಸಿ ಸ್ವಲ್ಪ ಹೊರಗೂ ಸೂಸುತ್ತೆ, ನಿಜ. ಆದ್ರೆ ಮೂತಿ, ರೆಕ್ಕೆಯ ಮುಂದಿನ ಅಂಚು, ಇಂಜಿನ್ ಬಾಯಿ? ಮಾಮೂಲಿ ವಿಮಾನದ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತೆ, ಬಲ ಕಳ್ಕೊಳ್ಳೋದು ಇನ್ನೂ ಎಷ್ಟೋ ಮೊದಲೇ.

ನಿಜವಾಗಿ ಹಾರಿದ್ದನ್ನೇ ನೋಡಿ. ಎಸ್‌ಆರ್-71, ಅಮೆರಿಕದ ಗೂಢಚಾರಿ ವಿಮಾನ, ಮೊದಲ ಹಾರಾಟ 1964ರ ಡಿಸೆಂಬರ್. 1976ರಲ್ಲಿ ಗಂಟೆಗೆ 3,529 ಕಿ.ಮೀ ಮುಟ್ಟಿತು. ಅದು ಮ್ಯಾಕ್ 3.3ರ ಆಸುಪಾಸು, ಹೈಪರ್‌ಸಾನಿಕ್ ಹತ್ತಿರಕ್ಕೂ ಇಲ್ಲ. ಅಷ್ಟಕ್ಕೇ ಬಹುಪಾಲು ಮೈಯನ್ನ ಟೈಟಾನಿಯಂನಲ್ಲಿ ಕಟ್ಟಬೇಕಾಯ್ತು. ಕಾದಾಗ ಹಿಗ್ಗಲಿ ಅಂತ ತಗಡಿನ ಸಂದಿಗಳನ್ನ ಸಡಿಲ ಬಿಟ್ಟಿದ್ರು. ಸಂದಿಗೆ ಮೆತ್ತಿದ ಸೀಲೆಂಟ್ ಪದೇ ಪದೇ ಕಾದು ಬಿರುಕು ಬಿಡ್ತಿತ್ತು, ಹಾಗಾಗಿ ನೆಲದ ಮೇಲೆ ನಿಂತಾಗ ಟ್ಯಾಂಕಿನಿಂದ ಇಂಧನ ತೊಟ್ಟಿಕ್ಕೋದು. "ಸೋರಿ ಖಾಲಿಯಾಗ್ತಿತ್ತು, ಅದಕ್ಕೇ ಹಾರಿದ ಕೂಡ್ಲೇ ಆಕಾಶದಲ್ಲಿ ಇಂಧನ ತುಂಬಿಸ್ತಿದ್ರು" ಅಂತ ಇನ್ನೊಂದು ಫಾರ್ವರ್ಡ್ ಇದೆ, ಅದೂ ತಪ್ಪು. ತೂಕ ಕಡಿಮೆ ಇದ್ರೆ ಟೈರು, ಬ್ರೇಕು ಉಳಿಯುತ್ತೆ, ಏರುವಾಗ ಒಂದು ಇಂಜಿನ್ ಕೈಕೊಟ್ರೂ ಬಚಾವು ಅಂತ ಬೇಕಂತಲೇ ಅರೆಹೊಟ್ಟೆಯಲ್ಲಿ ಏರಿಸ್ತಿದ್ರು. ಅದರ ಜೆಪಿ-7 ಇಂಧನಕ್ಕೆ ಸುಲಭವಾಗಿ ಬೆಂಕಿ ಹತ್ತಲ್ಲ, ಹೊತ್ತಿಸೋಕೆ ಗಾಳಿ ಸೋಕಿದ್ರೆ ಉರಿಯೋ ಟ್ರೈಇಥೈಲ್ ಬೋರೇನ್ ಚಿಮ್ಮಿಸಬೇಕಿತ್ತು. ಉರಿಯೋ ಮುಂಚೆ ಅದೇ ಇಂಧನವನ್ನ ವಿಮಾನದೊಳಗೆ ಸುತ್ತಾಡಿಸಿ ಬಿಸಿ ಹೀರಿಸ್ತಿದ್ರು. ಬಿಸಿ ಎಲ್ಲಿ ಹೋಯ್ತು ಅನ್ನೋದಕ್ಕೆ ಅವರ ಹತ್ರ ಉತ್ತರ ಇತ್ತು, ನೋಡಿ.

ಇಂಜಿನ್ ಕಥೆ ಇನ್ನೊಂದು ತಲೆನೋವು. ಮಾಮೂಲಿ ಟರ್ಬೋಜೆಟ್ ಮ್ಯಾಕ್ 3ರ ಹತ್ರ ಸುಸ್ತು. ಒಳಗೆ ನುಗ್ಗೋ ಗಾಳಿ ಶಬ್ದಕ್ಕಿಂತ ವೇಗವಾಗಿ ಹರೀತಿರುವಾಗಲೇ ಇಂಧನ ಉರಿಸೋ ಸ್ಕ್ರಾಮ್‌ಜೆಟ್ ಇಂಜಿನ್ ಸರಿಯಾಗಿ ಹೊತ್ತಬೇಕಾದ್ರೆ ಮ್ಯಾಕ್ 4 ದಾಟಿರಬೇಕು. ನಡುವಿನ ಹಳ್ಳ ದಾಟಿಸೋಕೆ ಸಾಮಾನ್ಯವಾಗಿ ರಾಕೆಟ್ ಬೇಕು. ಅಮೆರಿಕದ ಎಕ್ಸ್-51ಎ ಅನ್ನೋ ಪರೀಕ್ಷಾ ಯಂತ್ರ, 2013ರ ಮೇ 1ರಂದು ಬಿ-52 ಬಾಂಬರ್ ವಿಮಾನದ ರೆಕ್ಕೆಯಿಂದ ಉದುರಿ, ರಾಕೆಟ್ ನೂಕಿದ ಮೇಲೆ, ಸ್ವಂತ ಇಂಜಿನ್‌ನಲ್ಲಿ ಉರಿದದ್ದು ಮೂರೂವರೆ ನಿಮಿಷ. ಆಮೇಲೆ ಸಮುದ್ರಕ್ಕೆ. ಮನುಷ್ಯರಿಲ್ಲ, ಕ್ಯಾಮೆರಾ ಇಲ್ಲ, ಚಕ್ರವೂ ಇಲ್ಲ. ಅಷ್ಟಕ್ಕೆ ಜಗತ್ತು ಚಪ್ಪಾಳೆ ಹೊಡೀತು. ನಮ್ಮ ಗ್ರೂಪಿನ ವಿಮಾನ ಮಾತ್ರ ಶಿರಾ ರಸ್ತೆ ಮೇಲೆ ವಾಕಿಂಗ್ ಬಂದಿದೆ.

ಇನ್ನು "ಸದ್ದೇ ಇಲ್ಲ". 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಕಿಟಕಿಗಳು ಗಡಗಡ ಅಂದದ್ದು ಮರೆತೇ ಹೋಯ್ತಾ? ವಾಯುಪಡೆಯ ಒಂದೇ ಒಂದು ಪರೀಕ್ಷಾ ವಿಮಾನ, ನಗರದಿಂದ ದೂರದಲ್ಲಿ, 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದಕ್ಕಿಂತ ಹೆಚ್ಚಿದ್ದ ವೇಗವನ್ನ ತಗ್ಗಿಸಿದಾಗ ಬಂದ ಸದ್ದು ಅದು. ಇಂಥ ಸದ್ದು 65-80 ಕಿ.ಮೀ ಆಚೆಗೂ ಕೇಳುತ್ತೆ ಅಂತ ರಕ್ಷಣಾ ಇಲಾಖೆಯೇ ಹೇಳ್ತು. 25 ಕಿ.ಮೀ ಎತ್ತರದಲ್ಲಿ ಮ್ಯಾಕ್ 6ರಲ್ಲಿ ಹೋಗೋದು ತನ್ನ ಹಿಂದೆ ಸುಮಾರು 130 ಕಿ.ಮೀ ಅಗಲದ ಸದ್ದಿನ ಚಾಪೆ ಹಾಸ್ಕೊಂಡು ಹೋಗುತ್ತೆ. ಈ ಕಡೆ ಶಿರಾ, ಆ ಕಡೆ ಕುಣಿಗಲ್ ಎರಡೂ ಎದ್ದು ಕೂರಬೇಕಿತ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ತಿದ್ದವರ ಚಟ್ನಿಯೂ ಅಲುಗಲಿಲ್ಲ!

ತಿರುವಿನ ವಿಷಯ ಬಿಡೋಕಾಗಲ್ಲ. "ಯೂಟರ್ನ್ ಹೊಡೆದು ಹೋಯ್ತು" ಅಂತ ಒಬ್ಬರ ಕಾಮೆಂಟು. ಸೆಕೆಂಡಿಗೆ 1.8 ಕಿ.ಮೀ ವೇಗದಲ್ಲಿ 45 ಡಿಗ್ರಿ ವಾಲಿ ತಿರುಗಿದ್ರೆ ತಿರುವಿನ ತ್ರಿಜ್ಯವೇ 330 ಕಿ.ಮೀ. ತುಮಕೂರಿನಲ್ಲಿ ಪೂರ್ವಕ್ಕೆ ಹೋಗ್ತಾ ಎಡಕ್ಕೆ ತಿರುಗೋಕೆ ಶುರು ಮಾಡಿದ್ರೆ, ಪಶ್ಚಿಮಕ್ಕೆ ಮುಖ ಮಾಡೋ ಹೊತ್ತಿಗೆ ಮಹಾರಾಷ್ಟ್ರದ ನಾಂದೇಡ್.

ಹಾಗಾದ್ರೆ ಆ ವಡೆಸರ ಏನು? ಯಾವುದೇ ವಿಮಾನದ ಎರಡು ರೆಕ್ಕೆ ತುದಿಯಿಂದ ಎರಡು ಗಾಳಿಸುಳಿ ಹೊರಡುತ್ತೆ. ಇಂಜಿನ್ನಿನ ಹಬೆ ಆ ಸುಳಿಯಲ್ಲಿ ಸಿಕ್ಕಿ ಹೆಪ್ಪುಗಟ್ಟುತ್ತೆ. ಎರಡೂ ಸುಳಿ ತೊನೆದಾಡಿ, ಅಲ್ಲಲ್ಲಿ ಒಂದಕ್ಕೊಂದು ತಾಗಿ ಕತ್ತರಿಸ್ಕೊಂಡು ಉಂಗುರ ಆಗುತ್ತೆ. ಕ್ರೋ ಎಂಬುವರು 1970ರಲ್ಲೇ ಇದರ ಗಣಿತ ಬಿಡಿಸಿಟ್ಟಿದ್ದಾರೆ. 11 ಕಿ.ಮೀ ಎತ್ತರದ ಸಾದಾ ಏರ್‌ಬಸ್ ಸಾಕು. 25 ಕಿ.ಮೀ ಮೇಲಿನ ಒಣ ಗಾಳಿಯಲ್ಲಿ ಗೆರೆ ಮೂಡಿದ್ರೂ ಇಷ್ಟು ಹೊತ್ತು ನಿಲ್ಲಲ್ಲ.

"ಅಮೆರಿಕದ ಎಫ್-117 ಯುದ್ಧವಿಮಾನ ಕೂಡ ರಹಸ್ಯವಾಗಿತ್ತಲ್ಲ" ಅಂತೀರಿ. ಹೌದು, 1981ರಲ್ಲಿ ಹಾರಿದ್ದನ್ನ 1988ರವರೆಗೆ ಒಪ್ಪಲಿಲ್ಲ. ಆದ್ರೆ ಅದು ಶಬ್ದಕ್ಕಿಂತ ನಿಧಾನ, ರಾತ್ರಿ ಹೊತ್ತು ನೆವಾಡಾ ಮರುಭೂಮಿಯಲ್ಲಿ ಹಾರ್ತಿತ್ತು. ರೇಡಾರ್‌ಗೆ ಮೈ ಮರೆಸಬಹುದು, 1,500 ಡಿಗ್ರಿ ಕೆಂಡವನ್ನ ಉಪಗ್ರಹಗಳ ಇನ್‌ಫ್ರಾರೆಡ್ ಕಣ್ಣಿಗೆ ಹೇಗೆ ಮರೆಸ್ತೀರಿ? 1985ರ ಬಜೆಟ್ ಕಾಗದದಲ್ಲಿ ಕಂಡ 'ಅರೋರಾ' ಅನ್ನೋ ಹೆಸರು ಹಿಡ್ಕೊಂಡು, ಅದು ಇಂಥದೇ ರಹಸ್ಯ ವಿಮಾನ ಅಂತ ಅಮೆರಿಕದಲ್ಲೂ ವರ್ಷಗಟ್ಟಲೆ ಕುಣಿದ್ರು. ಅದು ಬಿ-2 ಬಾಂಬರ್ ಸ್ಪರ್ಧೆಯ ದುಡ್ಡಿಗೆ ಇಟ್ಟ ಗುಟ್ಟಿನ ಹೆಸರು ಅಂತ ವಿಮಾನ ಕಟ್ಟೋ ಲಾಕ್‌ಹೀಡ್ ಕಂಪನಿಯ ಬೆನ್ ರಿಚ್ ಆಮೇಲೆ ಹೇಳಿದ. ಇದ್ದಿದ್ರೆ ಚೆನ್ನಾಗಿತ್ತು ಅಂತ ನನಗೂ ಆಸೆಯೇ, ಸುಳ್ಳು ಯಾಕೆ ಹೇಳಲಿ.

ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ನಮ್ಮ ಪಕ್ಕದ ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ಕೇಂದ್ರದಲ್ಲಿ 2022ರ ಜುಲೈ 1ರಂದು ಬಾಲವಿಲ್ಲದ, ಬರೀ ರೆಕ್ಕೆ ಆಕಾರದ ಪೈಲಟ್‌ರಹಿತ ವಿಮಾನ ತಾನೇ ಏರಿ ತಾನೇ ಇಳೀತು. 2020ರ ಸೆಪ್ಟೆಂಬರ್ 7ರಂದು ಒಡಿಶಾ ಕರಾವಳಿಯಲ್ಲಿ ನಮ್ಮದೇ ಸ್ಕ್ರಾಮ್‌ಜೆಟ್ 20 ಸೆಕೆಂಡಿಗೂ ಹೆಚ್ಚು ಹೊತ್ತು ಉರೀತು. ಗಾಳಿ ಒಳಗೆ ನುಗ್ಗಿ ಹಿಂದೆ ಹೋಗೋ ಮಿಲಿಸೆಕೆಂಡ್ ಲೆಕ್ಕದ ಅವಧಿಯಲ್ಲಿ ಬೆಂಕಿ ಆರದ ಹಾಗೆ ನೋಡ್ಕೋಬೇಕು, ಬಿರುಗಾಳಿಯಲ್ಲಿ ಕಡ್ಡಿ ಗೀರಿ ಹಿಡ್ಕೊಂಡ ಹಾಗೆ. ಇದ್ಯಾವುದನ್ನೂ ಒಬ್ಬರೂ ಫಾರ್ವರ್ಡ್ ಮಾಡಲಿಲ್ಲ.

ಇವತ್ತು ಸಂಜೆ ಮತ್ತೆ ಗೆರೆ ಬಂದ್ರೆ ಫೋನ್ ಜೇಬಿಗಿಡಿ. ನೆತ್ತಿಯ ಮೇಲೆ ಬಂದಾಗ ಕೈ ಪೂರ್ತಿ ಚಾಚಿ ಮುಷ್ಟಿ ಹಿಡೀರಿ, ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅದನ್ನ ದಾಟೋಕೆ ಎಂಟು ಸೆಕೆಂಡ್ ಹತ್ರ ತಗೊಂಡ್ರೆ ಪ್ರಯಾಣಿಕರ ವಿಮಾನ. ವಿಮಾನಗಳ ಜಾಡು ತೋರಿಸೋ ಫ್ಲೈಟ್‌ರೇಡಾರ್24 ಆ್ಯಪ್ ತೆಗೆದು ನೋಡಿ, ಎಲ್ಲಿಂದ ಎಲ್ಲಿಗೆ ಅಂತಲೂ ಸಾಮಾನ್ಯವಾಗಿ ಸಿಗುತ್ತೆ. ಎರಡೂವರೆ ಸೆಕೆಂಡಿಗೇ ದಾಟಿದ್ರೆ ನನಗೆ ಫೋನ್ ಮಾಡಿ. ಮಾಡೋ ಮುಂಚೆ ನಾಂದೇಡ್‌ನಲ್ಲಿ ನೆಂಟರು ಯಾರಾದ್ರೂ ಇದ್ರೆ ಒಂದು ಮಾತು ಕೇಳಿ, ಅಲ್ಲೇನಾದ್ರೂ ಢಂ ಅಂತಾ ಅಂತ.