ಎಣ್ಣೆ ಸೋಸುವ ಬಟ್ಟೆಯನ್ನು ಸಮುದ್ರಕ್ಕೆ ಇಳಿಸಬಹುದಾ?

ಪರ

2017ರ ಜನವರಿ 28ರಂದು ಚೆನ್ನೈ ಪಕ್ಕದ ಎಣ್ಣೂರಿನ ಹತ್ತಿರ ಎರಡು ಹಡಗು ಡಿಕ್ಕಿಯಾಗಿ ಎಣ್ಣೆ ಚೆಲ್ಲಿತು. ಜನ ದಡದ ಬಂಡೆಗಳ ಮೇಲೆ ಸಾಲಾಗಿ ನಿಂತು, ಬಕೆಟ್‌ನಲ್ಲಿ ಮೊಗೆದು, ಕೈಯಿಂದ ಕೈಗೆ ದಾಟಿಸಿದರು. ಹೀಗೆ ಮೊಗೆದರೆ ಎಣ್ಣೆಯ ಜೊತೆ ನೀರೂ ಬರುತ್ತದೆ, ಅದನ್ನೂ ಹೊರಬೇಕು, ಸಾಗಿಸಬೇಕು, ಆಮೇಲೆ ಬೇರೆ ಮಾಡಬೇಕು. ನೀರನ್ನು ತಡೆದು ಎಣ್ಣೆಯನ್ನಷ್ಟೇ ಬಿಡುವ ಬಟ್ಟೆ ಇದ್ದಿದ್ದರೆ ಎಷ್ಟೋ ದುಡಿಮೆ ಉಳಿಯುತ್ತಿತ್ತು, ಅಲ್ವಾ?

ಇದು ಬರೀ ಕನಸಲ್ಲ. 2004ರಲ್ಲೇ ಚೀನಾದ ವಿಜ್ಞಾನಿಗಳು ಟೆಫ್ಲಾನ್ ಲೇಪಿಸಿದ ಉಕ್ಕಿನ ಜಾಲರಿಯಲ್ಲಿ ಡೀಸೆಲ್ ಇಳಿಯುವುದನ್ನೂ ನೀರು ಮೇಲೇ ನಿಲ್ಲುವುದನ್ನೂ ತೋರಿಸಿದ್ದರು. ಈಗ ಮಾಮೂಲಿ ಹತ್ತಿ ಬಟ್ಟೆ ಸಾಕು. ಸಿಲಿಕೋನ್ ದ್ರಾವಣಕ್ಕೆ ಸಿಲಿಕಾದ (ಮರಳಿನಲ್ಲಿರುವ ವಸ್ತು) ನ್ಯಾನೊ ಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ, ಕಲಸಿ, ಬಟ್ಟೆ ಅದ್ದಿ, ಓವನ್‌ನಲ್ಲಿ ಒಣಗಿಸಿದರೆ ಎಳೆಗಳ ಮೇಲೆ ತರಿತರಿ ಪದರ ಕೂರುತ್ತದೆ. ಕೆಸುವಿನೆಲೆ ಮೇಲಿನ ಹನಿಯಂತೆ ನೀರು ಉರುಳಿಹೋಗುತ್ತದೆ. ಎಣ್ಣೆಯ ಮೇಲ್ಮೈ ಎಳೆತ (ಹನಿಯನ್ನು ಗುಂಡಗೆ ಹಿಡಿದಿಡುವ ಬಲ) ನೀರಿನದರ ಅರ್ಧಕ್ಕಿಂತ ಕಡಿಮೆ, ಅದು ಸಲೀಸಾಗಿ ಒಳಗಿಳಿಯುತ್ತದೆ. ಸಿಲಿಕೋನ್ ಬಾಗುವುದರಿಂದ ಬಟ್ಟೆ ಮಡಚಿದರೂ ಪದರ ಸುಲಭಕ್ಕೆ ಉದುರುವುದಿಲ್ಲ.

ವಿರೋಧ

ಇಂಥ ಬಟ್ಟೆಯ ವಿಡಿಯೋ ನೋಡಿದ್ದೀರಾ? ಕೆಂಪು ಬಣ್ಣದ ‘ಎಣ್ಣೆ’, ನೀಲಿ ನೀರು. ಬಟ್ಟೆ ಕಟ್ಟಿದ ಆಲಿಕೆಗೆ ಸುರಿದ ಕೂಡಲೇ ಕೆಂಪು ಕೆಳಗೆ, ನೀಲಿ ಮೇಲೆ. ಚಪ್ಪಾಳೆ! ಆದರೆ ಎಷ್ಟೋ ಸಲ ಆ ಕೆಂಪು ದ್ರವ ಎಣ್ಣೆಯೇ ಅಲ್ಲ, ಕ್ಲೋರೋಫಾರ್ಮ್. ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ತಾನಾಗಿಯೇ ತಳಕ್ಕೆ ಹೋಗಿ ಬಟ್ಟೆ ಮುಟ್ಟುತ್ತದೆ. ಡೀಸೆಲ್ ತೇಲುತ್ತದೆ. ಅದೇ ಆಲಿಕೆಗೆ ಡೀಸೆಲ್ ಬೆರೆತ ನೀರು ಸುರಿದರೆ ನೀರು ಬಟ್ಟೆಯನ್ನು ಮುಚ್ಚಿಕೊಂಡು ಕೂರುತ್ತದೆ, ಡೀಸೆಲ್‌ಗೆ ದಾರಿಯೇ ಇಲ್ಲ. ತೇಲುವ ಎಣ್ಣೆ ಬಟ್ಟೆಗೆ ತಾಗುವಂತೆ ಚೀಲ ಹೊಲಿದು ತೇಲಿಬಿಡಬಹುದು, ಒಪ್ಪಿದೆ. ಆದರೆ ಎಣ್ಣೂರಿನ ದಡಕ್ಕೆ ಬಂದದ್ದು ಗಟ್ಟಿ ಕಪ್ಪು ರಾಡಿ. ಅದು ಎಳೆಗಳ ಸಂದಿಯಲ್ಲಿ ಕೂತರೆ ಸೋಸುವುದು ಅಲ್ಲಿಗೆ ಮುಗಿಯಿತು. ನೀರಿಗೆ ಸೋಪು ಸೇರಿದರಂತೂ ಅದರ ಮೇಲ್ಮೈ ಎಳೆತವೇ ಇಳಿದು ಬಟ್ಟೆ ನೆನೆಯುತ್ತದೆ.

ಇನ್ನು ಬಾಳಿಕೆ. ಲ್ಯಾಬಿನಲ್ಲಿ ಮರಳುಕಾಗದದ ಮೇಲೆ ಉಜ್ಜುತ್ತಾರೆ, ಟೇಪ್ ಅಂಟಿಸಿ ಕೀಳುತ್ತಾರೆ. ಸಮುದ್ರದಲ್ಲಿ ಉಪ್ಪು, ಬಿಸಿಲು, ಪಾಚಿ ಎಲ್ಲ ಒಟ್ಟಿಗೇ ಮೇಲೆ ಬೀಳುತ್ತವೆ. ಜಾಸ್ತಿ ಬಾಳಲಿ ಅಂತ ಫ್ಲೋರಿನ್ ರಾಸಾಯನಿಕದ ಮೊರೆ ಹೋಗುವವರೂ ಇದ್ದಾರೆ. ಆ ಗುಂಪಿನ ಪಿಎಫ್‌ಒಎ 2019ರಲ್ಲೇ ಬೇಗ ಕರಗದ ವಿಷ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿ ಸೇರಿದೆ. ಎಣ್ಣೆ ತೆಗೆಯಲು ಹೋಗಿ ಅದನ್ನು ಸಮುದ್ರಕ್ಕೆ ಬಿಡುವುದಾ? ಇಷ್ಟಕ್ಕೂ ಬೂರುಗದ ಹತ್ತಿ ಯಾವ ಲೇಪನವೂ ಇಲ್ಲದೆ ನೀರು ಬಿಟ್ಟು ಎಣ್ಣೆ ಹೀರುತ್ತದೆ, ಎಳೆಯ ಮೇಲಿನ ಮೇಣವೇ ಸಾಕು.

ಲೇಪನದ ಬಟ್ಟೆ ಸುಮ್ನೆ ದಂಡ ಅಂತಲ್ಲ. ಡೀಸೆಲ್ ಗಾಡಿಗಳ ಫಿಲ್ಟರಿನಲ್ಲಿ ನೀರು ತಡೆಯಲು ಇದೇ ತಂತ್ರ ಎಷ್ಟೋ ಕಾಲದಿಂದ ಇದೆ. ಅಲ್ಲಿ ಎಣ್ಣೆ ತೆಳು, ನೀರು ಒಂದಿಷ್ಟೇ, ಕೆಟ್ಟರೆ ಬಿಚ್ಚಿ ಬೇರೆಯದು ಹಾಕುತ್ತಾರೆ.