ಬಿಳಿ ಮಾತ್ರೆ ಮತ್ತು ಮಚುಪೊ ವೈರಸ್

‘ಪಿ-500 ಎಂದು ಬರೆದಿರುವ ಹೊಳೆಯುವ ಬಿಳಿ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಮಾರಕ ಮಚುಪೊ ವೈರಸ್ ಇದೆ’ ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಲೇ ಇದೆ. ಇದು ಸುಳ್ಳು. ಕಳುಹಿಸುವವರ ಕಾಳಜಿ ಮಾತ್ರ ನಿಜವಾದದ್ದೇ.

ಮಚುಪೊ ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಕಂಡುಬರುವ ವೈರಸ್. ಅಲ್ಲಿನ ಒಂದು ಜಾತಿಯ ಇಲಿಯ ಮೂತ್ರ, ಮಲಗಳಿಂದ ಮುಖ್ಯವಾಗಿ ಹರಡುತ್ತದೆ. ಜೀವಕೋಶದ ಆಸರೆಯಿಲ್ಲದೆ ವೈರಸ್ ವೃದ್ಧಿಯಾಗದು. ಒಣಪುಡಿಯನ್ನು ಒತ್ತಿ ಮಾಡಿದ ಮಾತ್ರೆ ಅದರ ಮನೆಯಲ್ಲ. ‘500’ ಎಂದರೆ 500 ಮಿಲಿಗ್ರಾಂ, ಔಷಧದ ಪ್ರಮಾಣ, ಅಷ್ಟೇ.

ಪರೀಕ್ಷಿಸುವುದು ಕಷ್ಟವಲ್ಲ. ಸಂದೇಶದಲ್ಲಿ ದಿನಾಂಕವಿದೆಯೇ? ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಇವೆಯೇ? ಔಷಧವನ್ನು ನಿಜವಾಗಿ ಹಿಂಪಡೆಯುವಾಗ ಇವೆಲ್ಲ ಪ್ರಕಟವಾಗುತ್ತವೆ. ‘ಪಿ-500 ಮಚುಪೊ’ ಎಂದು ಹುಡುಕಿದರೆ ಇದೇ ಒಕ್ಕಣೆ ಬೇರೆ ಬೇರೆ ದೇಶಗಳಲ್ಲಿ ಓಡಾಡಿರುವುದು ಕಾಣುತ್ತದೆ. ಔಷಧದಂಗಡಿಯ ಫಾರ್ಮಸಿಸ್ಟ್ ಅವರನ್ನೂ ಕೇಳಬಹುದು.

ನನಗೆ ಹೆಚ್ಚು ಆತಂಕ ತರುವುದು ಬೇರೆಯೇ ಸಂಗತಿ. ಪ್ಯಾರಾಸಿಟಮಾಲ್ ಮುಖ್ಯವಾಗಿ ಮೆದುಳಿನಲ್ಲಿ ಕೆಲಸ ಮಾಡಿ ಜ್ವರ, ನೋವು ತಗ್ಗಿಸುತ್ತದೆ. ಸರಿಯಾದ ಪ್ರಮಾಣದಲ್ಲಿ ಅಡ್ಡಪರಿಣಾಮ ವಿರಳ. ಆದರೆ ಮಿತಿ ಮೀರಿದರೆ ಯಕೃತ್ತಿಗೆ ತೀವ್ರ ಹಾನಿಯಾಗುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಸಾಮಾನ್ಯ ಗರಿಷ್ಠ ಮಿತಿ. ಯಕೃತ್ತಿನ ಕಾಯಿಲೆ ಇರುವವರಿಗೆ, ಮದ್ಯಪಾನಿಗಳಿಗೆ ಅಷ್ಟೂ ಹೆಚ್ಚಾಗಬಹುದು. ಶೀತ, ನೆಗಡಿಯ ಅನೇಕ ಮಾತ್ರೆಗಳಲ್ಲಿಯೂ ಇದೇ ಔಷಧ ಅಡಗಿರುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ನುಂಗುವ ಮೊದಲು ಮಾತ್ರೆಯ ಸ್ಟ್ರಿಪ್ ಹಿಂದಿನ ಸಣ್ಣಕ್ಷರಗಳನ್ನು ದಯವಿಟ್ಟು ಓದಿ.